ಓಟಕ್ಕೆ ಮೊದಲು ನಡಿಗೆ

"ಏನ್ರೀ ಅಣ್ಣಾರ, ನಮ್ಮ ಹುಡುಗ ಮುಂಜಾನಿಂದ ಅದ ನಾಕ ಸ್ವರ ಬಾರಸಾಕತ್ತಾನ. ಹಾಡ ಯಾವಾಗ ಬರತೈತ್ರಿ ಇವಗ?" ಬೇಲಿಯಾಚೆಯಿಂದ ನೆರೆಯವರು ಕೇಳಿದರು. ಮಗನಿಗೆ ಗಿಟಾರಿನ ಹುಚ್ಚು, ಅದರಲ್ಲೂ ಸರಸರನೆ ಓಡುವ ಲೀಡ್ ಬಾರಿಸುವ ಆಸೆ.

"ಬಾರಸ್ಲಿ ಬಿಡ್ರಿ. ಖರೇ ದಾರಿ ಹಿಡದಾನ" ಅಂದೆ.

ಇದು ಸಮಾಧಾನದ ಮಾತಲ್ಲ. ನಮ್ಮ ಕಾಗವಾಡದಿಂದ ಅರ್ಧ ತಾಸಿನ ದಾರಿ ಮಿರಜ. ತಲೆಮಾರುಗಳಿಂದ ಸಿತಾರ್, ತಂಬೂರಿ ಮಾಡುವ ಮನೆತನಗಳು ಅಲ್ಲಿವೆ. ಪಂಢರಪುರದ ಕಡೆಯ ಸೋರೆ ಬುರುಡೆ ಅವರ ಕೈಯಲ್ಲಿ ವಾದ್ಯವಾಗುತ್ತದೆ. 2024ರಲ್ಲಿ ಆ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಅದೇ ಊರಲ್ಲಿ. ಧಾರವಾಡದಲ್ಲಿ ಸಿತಾರ್‌ರತ್ನ ರಹಿಮತ್ ಖಾನರ ಪರಂಪರೆ ಅವರ ಮೊಮ್ಮಗ ಬಾಲೇಖಾನರವರೆಗೂ ಬೆಳೆಯಿತು. ತಂತಿಯ ಮೇಲೆ ಕೈ ಓಡಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ.

ಸಿತಾರಿನವರು ತೋರುಬೆರಳಿಗೆ ಮಿಜರಾಬ್ ಹಾಕಿಕೊಂಡು ಮೊದಲು ಕಲಿಯುವುದು ದಾ, ರಾ ಎಂಬ ಎರಡು ಹೊಡೆತ. ಒಂದು ಒಳಮುಖ, ಒಂದು ಹೊರಮುಖ. ಎರಡರ ನಾದವೂ ಸಮತೂಕಕ್ಕೆ ಬರುವ ತನಕ ಗುರು ಮುಂದೆ ಬಿಡುವುದಿಲ್ಲ. ಗಿಟಾರಿನ ಪಿಕ್ಕಿಗೂ ಇದೇ ನಿಯಮ: ಒಮ್ಮೆ ಕೆಳಗೆ, ಒಮ್ಮೆ ಮೇಲೆ, ತಪ್ಪದೆ. ಒಂದೊಂದು ತಂತಿಗೆ ಮೂರು ಸ್ವರವಿರುವ ಸಾಲು ಬಂತೆನ್ನಿ, ಮೊದಲ ತಂತಿ ಕೆಳಹೊಡೆತದಿಂದ ಶುರುವಾದರೆ ಮುಂದಿನದು ಮೇಲುಹೊಡೆತದಿಂದ ಶುರುವಾಗುತ್ತದೆ. ಕೈ ಎಡವುವುದು ಅಲ್ಲೇ. ಹಾಗಾಗಿ ಇಡೀ ಸಾಲನ್ನು ನೂರು ಸಲ ಓಡಿಸುವುದಕ್ಕಿಂತ, ತಂತಿ ದಾಟುವ ಆ ಎರಡು ಸ್ವರಗಳನ್ನಷ್ಟೇ ಎತ್ತಿಕೊಂಡು ತಿದ್ದುವುದು ಮೇಲು.

"ಆದ್ರ ಅವನ ಕೈ ಭಾಳ ಬಿಗಿ ಅದಾವ್ರಿ" ಅಂದರು ಅವರು.

ಬಿಗಿಯೇ ವೇಗದ ವೈರಿ. ನಮ್ಮ ಕಬ್ಬಿನ ಗ್ಯಾಂಗಿನಲ್ಲಿ ಪಳಗಿದ ಆಳು ಕೊಯ್ತಾವನ್ನು ಬೇಕಾದಷ್ಟೇ ಎತ್ತುತ್ತಾನೆ, ಅದಕ್ಕೇ ಅವನ ಸಾಲು ಮುಂದೆ ಸಾಗುತ್ತದೆ. ಪಿಕ್ಕಿನ ತುದಿಯೂ ಬೆರಳಿನಾಚೆ ತುಸುವೇ ಕಾಣಬೇಕು, ತಂತಿಗೆ ತಾಗಿ ಅಲ್ಲೇ ಸನಿಹದಲ್ಲಿ ನಿಲ್ಲಬೇಕು. ಚಲನೆ ಮಣಿಕಟ್ಟಿನಿಂದ ಬರಲಿ, ಭುಜ ಸಡಿಲವಿರಲಿ. ಮಿದುವಾದ ಪಿಕ್ ಬಾಗಿ ತಡವಾಗುತ್ತದೆ, ಒಂದು ಮಿಲಿಮೀಟರ್ ದಪ್ಪದ್ದು ಲೀಡಿಗೆ ಒಳ್ಳೆಯದು. ಬಾರಿಸದ ತಂತಿಗಳು ಗುಂಯ್‌ಗುಟ್ಟದಂತೆ ದಪ್ಪ ತಂತಿಗಳನ್ನು ಬಲ ಅಂಗೈಯ ಅಂಚು, ಸಣ್ಣವನ್ನು ಎಡಗೈಯ ತೋರುಬೆರಳು ಮೆಲ್ಲಗೆ ಮುಟ್ಟಿಕೊಂಡಿರಬೇಕು. ಎಡಗೈಯ ಬೆರಳು ಒತ್ತುವುದೂ ಪಿಕ್ ಮೀಟುವುದೂ ಒಂದೇ ಕ್ಷಣದಲ್ಲಾದರೆ ಮಾತ್ರ ಸ್ವರ ಸ್ವಚ್ಛ.

ಇನ್ನು ಲಯ. ನಿಮಿಷಕ್ಕೆ 60 ಎಣಿಕೆಯಲ್ಲಿ ಮೆಟ್ರೊನೋಮ್ ಇಟ್ಟು, ಎಣಿಕೆಗೆ ನಾಲ್ಕು ಸ್ವರ ಬಾರಿಸಿದರೆ ಸೆಕೆಂಡಿಗೆ ನಾಲ್ಕಾಯಿತು. ಅದೇ 120ಕ್ಕೆ ಎಂಟು. ಇವೆರಡರ ನಡುವಿನ ದಾರಿಯನ್ನು ನಾಲ್ಕೈದು ಎಣಿಕೆಯ ಮೆಟ್ಟಿಲುಗಳಲ್ಲೇ ಹತ್ತಬೇಕು. ಒಂದು ಸ್ವರ ಮಸುಕಾದರೂ ಹಿಂದಿನ ಮೆಟ್ಟಿಲಿಗೆ ಇಳಿಯಬೇಕು. ಪಲ್ಟಾಗಳು ಇದಕ್ಕೆ ಹೇಳಿ ಮಾಡಿಸಿದವು: ಸರಿಗಮ, ರಿಗಮಪ, ಗಮಪದ. ಆಗಾಗ ಐದಾರು ಸ್ವರದ ತುಣುಕನ್ನು ಒಂದೇ ಉಸಿರಿಗೆ ಓಡಿಸಿ ನಿಲ್ಲಿಸಲಿ. ವೇಗದಲ್ಲೂ ಸಡಿಲವಿರುವುದನ್ನು ಕೈ ಆಗ ಕಲಿಯುತ್ತದೆ. ನಿಧಾನದ ರಿಯಾಜಿನಲ್ಲಿ ಕೂತ ತಪ್ಪು ವೇಗದಲ್ಲಿ ದೊಡ್ಡದಾಗಿ ಕೇಳುತ್ತದೆ, ನಿಧಾನದಲ್ಲಿ ಕೂತ ಶುದ್ಧಿಯೂ ಅಷ್ಟೇ. ಕೈ ನೋಯುವ ದಿನ ಮಾತ್ರ ವಾದ್ಯ ಕೆಳಗಿಡಲೇಬೇಕು.

ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆಯ ತಂದೆತಾಯಂದಿರಿಗೂ ನನ್ನದೊಂದು ಮಾತು. ಮಕ್ಕಳು ಒಂದೇ ಸಾಲನ್ನು ತಾಸುಗಟ್ಟಲೆ ಬಾರಿಸಿದರೆ ಗದರಬೇಡಿ, "ಹಾಡು ಬಾರಿಸು" ಎಂದು ಅವಸರಿಸಬೇಡಿ. ಒಮ್ಮೆ ಅವರನ್ನು ಮಿರಜಿಗೆ ಕರೆದೊಯ್ದು, ಯಾರಾದರೊಬ್ಬ ಸಿತಾರ್ ವಾದಕರ ಬಲಗೈಯನ್ನು ಹತ್ತಿರದಿಂದ ತೋರಿಸಿ.