ನೀಲಿ ನೀರಿನ ಮಹಜರು

ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸುಮಾರು 1,200 ಅಡಿ ಆಳದಲ್ಲಿ ಒಂದು ಉಪ್ಪಿನ ಗಣಿ ಇದೆ. ಅಲ್ಲಿಂದ ಮೇಲೆ ಬರುವ ಉಪ್ಪು ಅಡುಗೆಮನೆಗಲ್ಲ, ರಸ್ತೆಗೆ. ಹಿಮ ಬಿದ್ದ ರಾತ್ರಿ ಲಾರಿಗಳು ಬೀದಿಬೀದಿಗೂ ಉಪ್ಪು ಚೆಲ್ಲುತ್ತಾ ಹೋಗುತ್ತವೆ. ಮಾರ್ಚ್ ಮೊದಲ ವಾರ ತೀರ್ಥಹಳ್ಳಿಯಿಂದ ಬಂದಿಳಿದ ನಮ್ಮತ್ತೆಗೆ ಇದನ್ನು ನೋಡಿ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಉಪ್ಪು ತುಳಿಯಬಾರದು ಎಂದು ನಂಬಿದ ಜೀವ. ಬಾಗಿಲಿನಿಂದ ಕಾರಿನ ತನಕ ಕುಂಟೆಬಿಲ್ಲೆ ಆಡುತ್ತಾ ಹೋಗುತ್ತಿದ್ದರು. "ಇಷ್ಟು ಲಕ್ಷ್ಮೀನ ಬೀದಿಗೆ ಚೆಲ್ಲಿಯೂ ಈ ದೇಶ ಹೇಗಮ್ಮ ನಡೀತಿದೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಉಪ್ಪು ಕರಗಿದ ಹಿಮದ ಜೊತೆ ರಾಡಿಯಾಗಿ, ಮುಂದೆ ಹೋಗುವ ಟ್ರಕ್ಕಿನ ಚಕ್ರದಿಂದ ಹಾರಿ, ನಮ್ಮ ಕಾರಿನ ಗಾಜಿನ ಮೇಲೆ ಬಂದು ಕೂರುತ್ತದೆ. ಬರೀ ವೈಪರ್ ಹಾಕಿದರೆ ಅದು ಇಡೀ ಗಾಜಿಗೆ ಸವರಿ ಕೊಡುತ್ತದೆ, ಅಷ್ಟೆ. ಆಗ ಬೇಕು ನೀಲಿ ನೀರು, ವಾಷರ್ ಫ್ಲೂಯಿಡ್. ಒಂದು ಗ್ಯಾಲನ್ನಿನ ಕ್ಯಾನಿಗೆ ಮೂರ್ನಾಲ್ಕು ಡಾಲರು. ಮೈನಸ್ 20 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ 29 ಸೆಲ್ಸಿಯಸ್ ತನಕ ಹೆಪ್ಪುಗಟ್ಟುವುದಿಲ್ಲ ಎಂದು ಕ್ಯಾನಿನ ಮೇಲೆ ಅಚ್ಚಾಗಿರುತ್ತದೆ. ಐ-96 ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ ವೇಗದಲ್ಲಿ ಹೋಗುವಾಗ ಇದು ಮುಗಿದರೆ, ಕುಲದೇವರ ಹೆಸರು ಮರೆತವರಿಗೂ ನೆನಪಾಗುತ್ತದೆ.

ನಮ್ಮನೆಯವರಿಗೆ ಗಾಜು, ವೈಪರ್ ಎಂದರೆ ಒಂದು ಬಗೆಯ ಭಕ್ತಿ. ಅದಕ್ಕೆ ಕಾರಣ ರಾಬರ್ಟ್ ಕರ್ನ್ಸ್. ಇದೇ ಡೆಟ್ರಾಯಿಟ್ಟಿನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಎಂಜಿನಿಯರ್. ಮದುವೆಯ ರಾತ್ರಿ ಷಾಂಪೇನ್ ಬಾಟಲಿಯ ಬಿರಡೆ ಹಾರಿ ಒಂದು ಕಣ್ಣು ಕೆಟ್ಟಿತು. ಕಣ್ಣಿನ ರೆಪ್ಪೆ ಬಿಟ್ಟುಬಿಟ್ಟು ಬಡಿಯುತ್ತದಲ್ಲ, ವೈಪರ್ ಯಾಕೆ ಹಾಗೆ ಬಡಿಯಬಾರದು ಎಂದು ತಲೆಗೆ ಹೊಳೆಯಿತು. ಮಾಡಿ ತೋರಿಸಿ, 1967ರಲ್ಲಿ ಪೇಟೆಂಟ್ ಪಡೆದ. ಕಂಪನಿಗಳು ಅದನ್ನೇ ತಮ್ಮ ಕಾರುಗಳಿಗೆ ಹಾಕಿಕೊಂಡಾಗ 1978ರಲ್ಲಿ ಫೋರ್ಡ್ ಮೇಲೆ, ಆಮೇಲೆ ಕ್ರೈಸ್ಲರ್ ಮೇಲೆ ಕೇಸು ಹಾಕಿದ. ಕೊನೆಗೆ ತಾನೇ ನಿಂತು ವಾದಿಸಿ ಕೋಟಿಗಟ್ಟಲೆ ಡಾಲರ್ ವಸೂಲಿ ಮಾಡಿದ. ಇಲ್ಲಿನ ಪಂಪ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಮ್ಮನೆಯವರ ಹಿಂದೆ ನಿಂತವರಿಗೆ ಹೋಳಿಗೆ ಸಿಗುವ ಮೊದಲು ಈ ಕಥೆ ಸಿಗುತ್ತದೆ. ಅತ್ತೆ ಇದನ್ನು ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಅವನ ಹೆಂಡತಿ ಏನಾದಳೋ?"

"ಡೈವರ್ಸ್ ಆಯ್ತಮ್ಮ."

"ಆಗದೆ ಇರುತ್ತಾ" ಎಂದು ಅತ್ತೆ ನನ್ನ ಮುಖ ನೋಡಿದರು.

ಇನ್ನು ನಮ್ಮ ಮಾವನವರು. ಅಬಕಾರಿ ಇಲಾಖೆಯಲ್ಲಿ ಗಾರ್ಡ್ ಆಗಿ ಸೇರಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಕಳ್ಳಭಟ್ಟಿಯ ವಾಸನೆಯನ್ನು ಫರ್ಲಾಂಗು ದೂರದಿಂದ ಹಿಡಿಯುತ್ತಿದ್ದ ಮೂಗು. ಬಂದ ಎರಡನೆಯ ದಿನ ಅವರನ್ನು ಸಾಮಾನು ತರಲು ಅಂಗಡಿಗೆ ಕರೆದುಕೊಂಡು ಹೋದೆ. ಬಾಗಿಲ ಬಳಿಯೇ ನೀಲಿ ಕ್ಯಾನುಗಳನ್ನು ಆಳೆತ್ತರ ಪೇರಿಸಿಟ್ಟಿದ್ದರು. ಮಾವ ಕನ್ನಡಕ ಏರಿಸಿ ಚೀಟಿ ಓದಿದರು. ನಿಂತಲ್ಲೇ ನಿಂತರು.

"ಏನಮ್ಮಾ, ಇದು ಮೀಥೈಲ್ ಆಲ್ಕೋಹಾಲು!"

"ಹೌದು ಮಾವ, ಕಾರಿಗೆ."

"ಲೈಸೆನ್ಸು?"

"ಬೇಡ ಮಾವ."

"ಪರ್ಮಿಟ್ಟು? ರಿಜಿಸ್ಟರು? ಏನೂ ಇಲ್ಲದೆ ಬ್ರೆಡ್ಡಿನ ಪಕ್ಕ ಇಟ್ಕೊಂಡು ಮಾರ್ತಾರಾ?"

ಅವರ ಗಾಬರಿಯಲ್ಲಿ ಹುಡುಗಾಟ ಇರಲಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಬೆರೆತ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತಾಗ ಅವರು ಇಲಾಖೆಗೆ ಹೊಸಬರು. ಅವತ್ತಿನಿಂದ ಆ ಹೆಸರು ಕೇಳಿದರೆ ಸಾಕು, ನೆಟ್ಟಗೆ ಕೂರುತ್ತಾರೆ. ಕ್ಯಾನಿನ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಅದೇ ಎಂದು ನಮ್ಮನೆಯವರು ರಾತ್ರಿ ಊಟಕ್ಕೆ ಕೂತಾಗ ಉತ್ಸಾಹದಿಂದ ವಿವರಿಸಿದ್ದು ಕಡ್ಡಿ ಗೀರಿದ ಹಾಗಾಯಿತು. "ಪುಟ್ಟಿ ಓಡಿಸುವ ಕಾರಿಗೂ ಇದನ್ನೇ ಹಾಕ್ತೀಯೇನೋ?" ಎಂದು ಮಾವ ಕೇಳಿದರು. ಹಾಕ್ತೀನಿ ಎಂದರು ಇವರು. ಮಾವ ಮಜ್ಜಿಗೆ ಕುಡಿಯದೆ ಎದ್ದರು.

ಅದಾಗಿ ಒಂದು ವಾರಕ್ಕೆ ಕಾರಿನಲ್ಲಿ ವಾಷರ್ ದೀಪ ಹತ್ತಿತು. ಇವರು ಒಂದು ಕ್ಯಾನು ಸುರಿದರು. ಬೆಳಗಾಗುವಷ್ಟರಲ್ಲಿ ಮತ್ತೆ ದೀಪ. ಮೊದಲು ಅನುಮಾನ ಬಿದ್ದದ್ದು ಮಗಳು ಪುಟ್ಟಿಯ ಮೇಲೆ. ಕಲಿಯುವ ಪರ್ಮಿಟ್ಟಿನ ಹುಡುಗಿ, ಗಾಜಿನ ಮೇಲೆ ಎಲೆ ಬಿದ್ದರೂ ನೀರು ಚಿಮ್ಮಿಸುತ್ತಾಳೆ ಎಂದು ಇವರ ವಾದ. "ಅಪ್ಪಾ, ರಾತ್ರಿ ನಾನು ಮಲಗಿದ್ದೆ" ಎಂದು ಅವಳು ಹೇಳಿದ್ದನ್ನು ಯಾರೂ ದಾಖಲಿಸಿಕೊಳ್ಳಲಿಲ್ಲ.

ಸಾಕ್ಷಿ ಕೊಟ್ಟದ್ದು ಹಿಮ. ಕಾರನ್ನು ಗ್ಯಾರೇಜಿನಿಂದ ತೆಗೆದು ಹಿಮದ ಮೇಲೆ ನಿಲ್ಲಿಸಿದ್ದೆವು. ಬಲಗಡೆ ಮುಂದಿನ ಚಕ್ರದ ಬಳಿ ನೀಲಿ ಕಲೆ. ಮಾವ ಕೋಟು ಹಾಕಿಕೊಂಡು ಹೊರಗೆ ಬಂದರು. ನಿವೃತ್ತಿಯ ನಂತರ ಅವರ ಬೆನ್ನು ಅಷ್ಟು ನೆಟ್ಟಗಾದದ್ದನ್ನು ನಾನು ನೋಡಿರಲಿಲ್ಲ. "ಯಾರೂ ಏನೂ ಮುಟ್ಟಬೇಡಿ. ಮಹಜರು ಮಾಡಬೇಕು" ಎಂದರು. ನಾನೂ ಅತ್ತೆಯೂ ಪಂಚರು. ಮಗಳು ಅವರು ಹೇಳಿದ್ದನ್ನು ಬರೆದುಕೊಳ್ಳಲು ನಿಂತಳು. ಕನ್ನಡ ಓದಲು ಬರೆಯಲು ಬಾರದ್ದರಿಂದ ಇಂಗ್ಲಿಷ್ ಲಿಪಿಯಲ್ಲಿ.

ಇಲ್ಲಿಂದ ಮುಂದೆ ನಡೆದ ತನಿಖೆಯಲ್ಲಿ ಕೆಲವು ವಿಷಯ ನಿಜವಾಗಿಯೂ ಉಪಯೋಗಕ್ಕೆ ಬರುವಂಥವು. ಕಾರಿನಿಂದ ಏನು ಸೋರುತ್ತಿದೆ ಎಂಬುದು ಮೊದಲು ಗೊತ್ತಾಗಬೇಕು. ಕೂಲೆಂಟ್ ಆದರೆ ಸಾಮಾನ್ಯವಾಗಿ ಹಸಿರೋ ಕಿತ್ತಳೆಯೋ ಬಣ್ಣ, ಬೆರಳಿಗೆ ಜಾರುತ್ತದೆ, ಸಿಹಿ ವಾಸನೆ. ಅದು ಸೋರಿದರೆ ಎಂಜಿನ್ನಿಗೇ ಅಪಾಯ. ನಮ್ಮದು ತೆಳ್ಳಗಿನ ನೀಲಿ. ಮಾವ ಕೈಗವಸಿನಿಂದ ಗಾಳಿ ಬೀಸಿಕೊಂಡು ದೂರದಿಂದಲೇ ಮೂಸಿ, ಖಚಿತಪಡಿಸಿದರು. ಸ್ಟೀಲ್ ತಟ್ಟೆಯೊಂದನ್ನು ಕೆಳಗಿಟ್ಟು, ತೊಟ್ಟಿಕ್ಕಿದ್ದನ್ನು ಉಪ್ಪಿನಕಾಯಿ ಬಾಟಲಿಗೆ ತುಂಬಿ, ಮೇಣದಬತ್ತಿಯಿಂದ ಮುಚ್ಚಳ ಸೀಲು ಮಾಡಿ, ಮುದ್ದೇಮಾಲು ಎಂದು ಗ್ಯಾರೇಜಿನ ಅಟ್ಟದ ಮೇಲಿಟ್ಟರು. ನನ್ನ ಆ ತಟ್ಟೆ ಮತ್ತೆ ಅಡುಗೆಮನೆಗೆ ಬರಲಿಲ್ಲ.

ಸೋರಿಕೆ ಎಲ್ಲಿಂದ ಎಂಬುದರ ಬಗ್ಗೆ ನಮ್ಮನೆಯವರಿಗೆ ಮೂರು ಸಿದ್ಧಾಂತಗಳಿದ್ದವು, ಮೂರಕ್ಕೂ ಬಿಡಿಭಾಗ ತರಿಸಲು ಫೋನು ಹಿಡಿದು ಕೂತಿದ್ದರು. ಅತ್ತೆ ಅಕ್ಕಿ ಆರಿಸುತ್ತಾ ಹೇಳಿದರು: "ಸೋರುವ ಹಂಡೆಗೆ ಏನು ಮಾಡ್ತೀವಿ? ತುಂಬಾ ನೀರು ಹಾಕಿ ಬಿಡೋದು. ನೀರು ಎಲ್ಲಿಗೆ ಬಂದು ನಿಲ್ಲುತ್ತೋ ತೂತು ಅಲ್ಲಿದೆ." ಇದಕ್ಕಿಂತ ಸರಿಯಾದ ಮಾತನ್ನು ಆಮೇಲೆ ನಾವು ಕಾಸು ಕೊಟ್ಟು ಮಾತಾಡಿಸಿದ ಮೆಕ್ಯಾನಿಕ್ಕೂ ಹೇಳಲಿಲ್ಲ. ಟ್ಯಾಂಕು ಅರ್ಧಕ್ಕೆ ಇಳಿದು ನಿಂತರೆ ಬಿರುಕು ನಡುವೆ. ಗಾಜಿಗೆ ನೀರು ಚಿಮ್ಮಿಸಿದಾಗ ಮಾತ್ರ ಸೋರಿದರೆ ಟ್ಯಾಂಕಿನದ್ದಲ್ಲ, ಮೇಲಕ್ಕೆ ಹೋಗುವ ರಬ್ಬರ್ ಪೈಪಿನ ತಪ್ಪು. ಇಲಿ ಕಡಿದದ್ದೂ ಇರಬಹುದು. ನಮ್ಮದು ಸುಮ್ಮನೆ ನಿಂತಲ್ಲೇ ಪೂರ್ತಿ ಖಾಲಿಯಾಗುತ್ತಿತ್ತು. ಅಂದರೆ ತೂತು ತಳದಲ್ಲಿ. ತಳದಲ್ಲಿರುವುದು ಎರಡೇ: ಪುಟ್ಟ ಪಂಪು ಕೂರುವ ರಬ್ಬರ್ ಬಳೆ, ಇಲ್ಲವೇ ಟ್ಯಾಂಕಿನ ತಳವೇ.

ಕಾರು ಮಾರಿದವರ ವರ್ಕ್‌ಶಾಪಿಗೆ ಫೋನು ಮಾಡಿದರೆ ನಾನೂರು ಡಾಲರ್ ಮೇಲೆ ಅಂದರು. ಟ್ಯಾಂಕು ಬಾನೆಟ್ ತೆಗೆದರೆ ಕಾಣುವ ಜಾಗದಲ್ಲಿ ಇಲ್ಲ. ಕಾಣುವುದು ಅದರ ಕುತ್ತಿಗೆ ಮತ್ತು ಮುಚ್ಚಳ ಮಾತ್ರ. ಹೊಟ್ಟೆಯೆಲ್ಲ ಮಡ್‌ಗಾರ್ಡಿನ ಒಳಗೆ, ಬಂಪರಿನ ಹಿಂದೆ. ಚಕ್ರವನ್ನು ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿ, ಒಳಗಿನ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿ, ಆಮೇಲೆ 10 ಮಿಲಿಮೀಟರಿನ ಬೋಲ್ಟು ಬಿಚ್ಚಬೇಕು. ಚಳಿಗೆ ಕ್ಲಿಪ್ಪುಗಳು ಹಪ್ಪಳದ ಸದ್ದಿನೊಂದಿಗೆ ಮುರಿದವು. 10ರ ಸಾಕೆಟ್ಟು ಮಾತ್ರ ಪೆಟ್ಟಿಗೆಯಲ್ಲಿ ಇರಲಿಲ್ಲ. ಮನೆಯೆಲ್ಲ ಹುಡುಕಿ, ನನ್ನನ್ನೂ ಮಗಳನ್ನೂ ಗದರಿ, ಬೇಸರದಿಂದ ಇವರು ದೇವರ ಮನೆಗೆ ಹೋಗಿ ನಿಂತರೆ, ಗಣಪತಿಯ ಎದುರು ಅದರಲ್ಲಿ ಎರಡು ಊದುಬತ್ತಿ ಉರಿಯುತ್ತಿವೆ. "ಚೆನ್ನಾಗಿದೆ ಕಣೋ, ಅಲ್ಲಾಡೋದೇ ಇಲ್ಲ. ಊರಿಗೆ ಹೋಗುವಾಗ ಇಂಥದ್ದೇ ನಾಕು ಕೊಡಿಸು" ಎಂದರು ಅತ್ತೆ.

ಟ್ಯಾಂಕು ಹೊರಗೆ ಬಂತು. ಪಂಪಿನ ಬಳೆ ಗಟ್ಟಿಮುಟ್ಟಾಗಿತ್ತು. ತಳದ ಹೊಲಿಗೆಯ ಉದ್ದಕ್ಕೂ ಕೂದಲೆಳೆಯ ಬಿರುಕು. ನಮ್ಮನೆಯವರ ಕಣ್ಣಿನಲ್ಲಿ ಕರ್ನ್ಸ್ ಕಾಣಿಸಿಕೊಂಡ. ಇದು ತಯಾರಿಕೆಯ ದೋಷ, ಕಂಪನಿಗೆ ಕಾಗದ ಬರೀತೀನಿ, ಬಗ್ಗದಿದ್ದರೆ ಕೋರ್ಟು, ವಕೀಲರೂ ಬೇಡ ಎಂದರು. ನನಗೆ ಅತ್ತೆ ಕೇಳಿದ ಪ್ರಶ್ನೆ ನೆನಪಾಯಿತು. ಮಾವ ಮಾತ್ರ ಮಗನ ಬೆನ್ನಿಗೆ ನಿಂತರು. "ಪುರಾವೆ ಇಲ್ಲದೆ ಕೇಸು ನಿಲ್ಲಲ್ಲ. ಮುದ್ದೇಮಾಲು ಪರೀಕ್ಷೆಗೆ ಹೋಗಬೇಕು." ಪ್ರಯೋಗಾಲಯ ಎಲ್ಲಿ? ಹೈಸ್ಕೂಲಿನ ರಸಾಯನಶಾಸ್ತ್ರದಲ್ಲಿ ಈಗಷ್ಟೇ ಹೆಪ್ಪುಗಟ್ಟುವ ಪಾಠ ಮುಗಿಸಿದ್ದ ಮಗಳು, ಹೊಸ ಕ್ಯಾನಿನದೊಂದು ಬಟ್ಟಲು, ಸೋರಿದ್ದೊಂದು ಬಟ್ಟಲು ಫ್ರೀಜರಿನಲ್ಲಿ ಇಟ್ಟು ನೋಡೋಣ ಎಂದಳು. "ಹಿತಕಿದ ಅವರೆಬೇಳೆ ಪಕ್ಕ ವಿಷ ಇಡ್ತೀರಾ?" ಎಂದು ಅತ್ತೆ ಫ್ರೀಜರಿಗೆ ಅಡ್ಡ ನಿಂತರು. ಹೊರಗೆ ಹೇಗೂ ಮೈನಸ್ ಹದಿನಾಲ್ಕು ಸೆಲ್ಸಿಯಸ್ ಇತ್ತು. ಎರಡನ್ನೂ ಮುಚ್ಚಿ ಹಿತ್ತಿಲ ಕಟ್ಟೆಯ ಮೇಲಿಟ್ಟೆವು.

ಬೆಳಿಗ್ಗೆ ಹೊಸ ಕ್ಯಾನಿನದು ನೀರಾಗಿಯೇ ಇತ್ತು. ಸೋರಿದ್ದು ಕಲ್ಲು. ಬಣ್ಣವೂ ಅದರ ಪಕ್ಕದಲ್ಲಿ ತೀರಾ ಪೇಲವ. ಮಾವ ಎರಡನ್ನೂ ಬೆಳಕಿಗೆ ಹಿಡಿದು, ನ್ಯಾಯಾಲಯಕ್ಕೆ ಹೇಳುವ ದನಿಯಲ್ಲಿ, "ಮಾದರಿಯಲ್ಲಿ ನೀರು ಬೆರೆಸಿರುವುದು ಕಂಡುಬಂದಿದೆ" ಎಂದರು. ಹೇಳಿ ಮುಗಿಸುವಷ್ಟರಲ್ಲಿ ಬಟ್ಟಲು ಹಿಡಿದ ಕೈ ಕೆಳಗಿಳಿಯಿತು.

ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಸುಮಾರು ಒಂಬತ್ತರಷ್ಟು ಹಿಗ್ಗುತ್ತದೆ. ಟ್ಯಾಂಕು ಹಿಗ್ಗುವುದಿಲ್ಲ, ಒಡೆಯುತ್ತದೆ.

"ತಾತ, ನೀರು ಯಾರು ಹಾಕಿದ್ದು?" ಎಂದು ಮಗಳು ಪೆನ್ನು ಹಿಡಿದೇ ಕೇಳಿದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೊಮ್ಮಗಳು ಓಡಿಸುವ ಕಾರಿನಲ್ಲಿ ಮೀಥೈಲು ಇರಬಾರದೆಂದು, ನಾವೆಲ್ಲ ಕೆಲಸಕ್ಕೆ ಹೋದ ಮೇಲೆ ಮಾವ ಬಾನೆಟ್ ಎತ್ತಿ ಚೊಂಬಿನಿಂದ ನೀರು ತುಂಬಿದ್ದರು. "ಬರೀ ನಲ್ಲಿ ನೀರಲ್ಲಮ್ಮ, ಕಾಯಿಸಿ ಆರಿಸಿದ್ದು" ಎಂದು ನನ್ನ ಕಡೆ ತಿರುಗಿ ಹೇಳಿದರು. ಸೇವೆಯಲ್ಲಿದ್ದಷ್ಟು ಕಾಲ ಮದ್ಯಕ್ಕೆ ನೀರು ಬೆರೆಸಿದವರನ್ನು ಹಿಡಿದವರು! ಮಗಳು ಅದನ್ನೂ ಮಹಜರಿಗೆ ಸೇರಿಸಿ ಸಹಿ ಕೇಳಿದಳು. ಮಾವ ಸಹಿ ಹಾಕಿದರು, ದಿನಾಂಕ ಸಮೇತ. ಕಂಪನಿಗೆ ಬರೆಯಬೇಕಿದ್ದ ಕಾಗದ ನಿಂತಿತು.

ರಿಪೇರಿಯದು ಚಿಕ್ಕ ಕಥೆ. ಎರಡು ಬಣ್ಣದ ಉಂಡೆ ಕಲಸಿ ಮೆತ್ತುವ ಸೀಲನ್ನು ಮಾವ ಊರಿಂದಲೇ ತಂದಿದ್ದರು. ಪಾಲಿಥೀನ್ ಮೇಲೆ ಅಂಥ ಯಾವ ಅಂಟೂ ಕೂರುವುದಿಲ್ಲ, ಒಣಗಿದ ಮೇಲೆ ಬಿಲ್ಲೆಯಾಗಿ ಎದ್ದು ಬಂತು. ಕಬ್ಬಿಣ ಕಾಯಿಸಿ ಪ್ಲಾಸ್ಟಿಕ್ ಬಿಂದಿಗೆಗೆ ಬೆಸುಗೆ ಹಾಕಲು ಸೈಕಲ್ಲಿನಲ್ಲಿ ಬರುತ್ತಿದ್ದವನನ್ನು ಅತ್ತೆ ನೆನಪಿಸಿದರು. ಟ್ಯಾಂಕಿನ ತಳದಲ್ಲಿಯೂ ಖಾಲಿ ನೀಲಿ ಕ್ಯಾನಿನ ತಳದಲ್ಲಿಯೂ ಒಂದೇ ಜಾತಿಯ ಪ್ಲಾಸ್ಟಿಕ್ಕಿನ ಗುರುತಿತ್ತು. ಮೀಥೈಲಿನ ಉರಿ ಹಗಲು ಬೆಳಕಿನಲ್ಲಿ ಕಣ್ಣಿಗೇ ಕಾಣುವುದಿಲ್ಲ ಎಂದು ಮಾವ ಟ್ಯಾಂಕನ್ನು ಚೆನ್ನಾಗಿ ತೊಳೆಸಿ, ಎರಡು ದಿನ ಒಣಗಿಸಿದ ಮೇಲೇ ಬಿಸಿ ಮುಟ್ಟಿಸಲು ಬಿಟ್ಟರು. ಕ್ಯಾನಿನಿಂದ ಕತ್ತರಿಸಿದ ಪಟ್ಟಿಯನ್ನು ಬಿರುಕಿನ ಮೇಲಿಟ್ಟು, ಇವರು ತಮ್ಮ ಸಾಲ್ಡರಿಂಗ್ ಕಡ್ಡಿಯಿಂದ ಕರಗಿಸಿ ಸೇರಿಸಿದರು. ನಿಂತಿದೆ. ಹೊಸ ಟ್ಯಾಂಕು ತರಿಸಿದ್ದರೂ ಆಗುತ್ತಿತ್ತು, ಆದರೆ ಇವರು ಆಗ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಚಳಿ ಇರುವಾಗ ಊರಿನಿಂದ ಹಿರಿಯರನ್ನು ಕರೆಸಿಕೊಳ್ಳುವವರಿಗೆ ಒಂದು ಮಾತು. ನೀಲಿ ಕ್ಯಾನನ್ನು ಮಕ್ಕಳ ಕೈಗೂ ನಾಯಿಯ ಬಾಯಿಗೂ ಸಿಗದ ಹಾಗೆ ಎತ್ತಿಡಿ, ಮಾವನವರ ಭಯ ಸುಳ್ಳಲ್ಲ. ಜೊತೆಗೆ ಟ್ಯಾಂಕಿನ ಮುಚ್ಚಳದ ಮೇಲೆ "ನೀರು ಹಾಕಬಾರದು" ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಅಂಟಿಸಿ. ಕಂಪನಿಯವರು ಅದರ ಮೇಲೆ ಅಚ್ಚು ಹಾಕಿರುವುದು ನೀರಿನ ಕಾರಂಜಿಯ ಚಿತ್ರ. ಅದನ್ನು ನೋಡಿದ ಯಾರೇ ಆದರೂ ನೀರನ್ನೇ ಹಾಕುತ್ತಾರೆ.