ದೊಡ್ಡಪ್ಪನ ಹಿಂದಿ

ಚಿತ್ರದುರ್ಗದ ಚಂದ್ರವಳ್ಳಿಯನ್ನು 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು. ಶಾತವಾಹನರ ಕಾಸುಗಳ ಜೊತೆಗೆ ರೋಮಿನ ಆಗಸ್ಟಸ್, ಟೈಬೀರಿಯಸರ ಬೆಳ್ಳಿ ನಾಣ್ಯಗಳೂ ಅಲ್ಲಿ ಸಿಕ್ಕಿವೆ. ಎಷ್ಟು ಕೈ ದಾಟಿ ಬಂದವೋ! ಒಬ್ಬ ಪ್ರಾಕೃತದಲ್ಲಿ ಬೆಲೆ ಹೇಳಿ, ಇನ್ನೊಬ್ಬ ಮತ್ತೇನನ್ನೋ ಕೇಳಿಸಿಕೊಂಡು, ಇಬ್ಬರೂ ಗೆದ್ದೆವೆಂದು ಮನೆಗೆ ಹೋಗಿರಬೇಕು. ಈ ಗುಮಾನಿ ನನಗೆ ಹುಟ್ಟಿದ್ದು ಮಾತ್ರ ಹೊಸದುರ್ಗದ ದಾಳಿಂಬೆ ತೋಟದಲ್ಲಿ.

ನಮ್ಮ ದೊಡ್ಡಪ್ಪನಿಗೆ ಹಿರಿಯೂರು ತಾಲ್ಲೂಕಿನ ಧರ್ಮಪುರದ ನೆಂಟರ ದೆಸೆಯಿಂದ ತೆಲುಗು ಸಲೀಸು. ಹಿಂದಿ ಮಾತ್ರ, 1987–88ರ ಭಾನುವಾರಗಳಲ್ಲಿ ದೂರದರ್ಶನದ ರಾಮಾಯಣ ಕಲಿಸಿದಷ್ಟೇ. ಉತ್ತರದ ವ್ಯಾಪಾರಿಯೊಬ್ಬ ಹಣ್ಣು ನೋಡಲು ಬಂದಾಗ ಅವರು ಹಣೆ ತುಂಬ ವಿಭೂತಿ ಧರಿಸಿ ಆಗಷ್ಟೇ ಪೂಜೆಯಿಂದ ಎದ್ದಿದ್ದರು. ದಶರಥನ ಗತ್ತಿನಲ್ಲಿ ಕೈಯೆತ್ತಿ, ‘ಆಯುಷ್ಮಾನ್ ಭವ, ವತ್ಸ! ಆಸನ್ ಗ್ರಹಣ್ ಕರೋ’ ಅಂದುಬಿಟ್ಟರು.

ಮೊದಲೇ ಮಠಗಳ ಜಿಲ್ಲೆ. ಸಿರಿಗೆರೆ, ಸಾಣೇಹಳ್ಳಿಯ ಹೆಸರು ಕೇಳುತ್ತಲೇ ಬಂದಿದ್ದ ಆಸಾಮಿ, ಇವರೂ ಯಾರೋ ಸ್ವಾಮಿಗಳೇ ಎಂದುಕೊಂಡು ಚಪ್ಪಲಿ ಬಿಟ್ಟು ಕಾಲಿಗೆ ಬಿದ್ದ.

‘ಮೋಸ ಮಾಡಾಕ್ ಬಂದವ್ನೆ ಕಣಲೇ. ವ್ಯಾಪಾರಕ್ಕೆ ಮುಂಚೇನೇ ಕಾಲು ಹಿಡೀತವ್ನೆ’ ಎಂದು ದೊಡ್ಡಪ್ಪ ನನ್ನ ಕಿವಿಯಲ್ಲಿ ಉಸುರಿದರು.

ಅವನು ಕೆಜಿಗೆ ಇಷ್ಟು ಅಂದ. ದೊಡ್ಡಪ್ಪ ಕಣ್ಮುಚ್ಚಿದರು. ರಾಮಾಯಣದಲ್ಲಿ ಕೆಜಿ ದರದ ಪ್ರಸ್ತಾಪವೇ ಇಲ್ಲವಲ್ಲ, ಉತ್ತರ ಹುಡುಕುತ್ತಿದ್ದರು. ಗುರುಗಳು ಮುನಿದರೆಂದು ಆತ ತಾನೇ ದರ ಏರಿಸಿದ. ಇವರಿಗೆ ಆಗಲೂ ಮಾತು ಹೊಳೆಯಲಿಲ್ಲ, ಮತ್ತೆ ಏರಿಸಿದ. ಹೊಳಲ್ಕೆರೆಯ ನಮ್ಮ ಭಾವ ಅಡಿಕೆ ಖೇಣಿಯವರ ಹತ್ತಿರ ಅಷ್ಟೊಂದು ಬಾಯಿ ಮಾಡಿಯೂ ಯಾವತ್ತೂ ಇಷ್ಟು ಗಿಟ್ಟಿಸಿದವರಲ್ಲ.

ವ್ಯಾಪಾರಿಗೇನೂ ನಷ್ಟವಾಗಲಿಲ್ಲ. ಈ ಕಳ್ಳ ನಾಳೆ ಏನಾದರೂ ತಗಾದೆ ತೆಗೆಯುತ್ತಾನೆಂಬ ಭಯಕ್ಕೆ ದೊಡ್ಡಪ್ಪ ಖುದ್ದಾಗಿ ಕ್ರೇಟುಗಳ ಮುಂದೆ ಕೂತು, ಚುಕ್ಕೆ ಬಿದ್ದದ್ದು, ಬಿರಿದದ್ದು, ಗಾತ್ರ ಕಡಿಮೆಯದ್ದು ಎಲ್ಲವನ್ನೂ ಬೇರೆ ತೆಗೆಸಿದರು. ಅಂಥ ಹಣ್ಣು ಅವನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಗುರುಗಳ ತೋಟದ್ದೆಂದು ಹೇಳಿ ಊರಲ್ಲಿ ಒಳ್ಳೆಯ ದರಕ್ಕೆ ಮಾರಿದನಂತೆ. ಸುಗ್ಗಿ ಸುಗ್ಗಿಗೂ ಬಂದ; ಬಂದಾಗಲೆಲ್ಲ ಕಾಲಿಗೆ ಬಿದ್ದ. ದೊಡ್ಡಪ್ಪನ ಅನುಮಾನ ವರ್ಷದಿಂದ ವರ್ಷಕ್ಕೆ ಗಟ್ಟಿಯಾಯಿತು, ಹಣ್ಣಿನ ಆಯ್ಕೆಯೂ.

ಈಚೆಗೆ ಬರುವವನು ಅವನ ಮಗ. ಬೆಂಗಳೂರಿನಲ್ಲಿ ಓದಿದ ಹುಡುಗ, ಕನ್ನಡ ಸೊಗಸಾಗಿ ಆಡುತ್ತಾನೆ. ಮೊದಲ ದಿನವೇ ಕೆಜಿಗೆ ಎಂಟು ರೂಪಾಯಿ ಇಳಿಸಿ ಕೇಳಿದ. ದೊಡ್ಡಪ್ಪ ಹಣ್ಣು ಆರಿಸುವುದನ್ನು ಬಿಟ್ಟಿದ್ದಾರೆ.