ಕುದುರೆಗೆ ತಾಲೀಮು, ನಮಗೆ ಪೀಪಿ

ದಸರೆ ಹತ್ತಿರ ಬಂತೆಂದರೆ ಮೈಸೂರಿನ ಪತ್ರಿಕೆಗಳಲ್ಲಿ ಆನೆಗಳ ತೂಕ ಅಚ್ಚಾಗುತ್ತದೆ. ವೀರನಹೊಸಹಳ್ಳಿಯಿಂದ ಗಜಪಯಣ ಮುಗಿಸಿ ಬಂದವರನ್ನು ಒಬ್ಬೊಬ್ಬರಾಗಿ ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಯಾರು ಎಷ್ಟು ಕಿಲೋ, ಹೋದ ಸಲಕ್ಕಿಂತ ಎಷ್ಟು ಹೆಚ್ಚು, ಬೆಣ್ಣೆ ಎಷ್ಟು, ಉದ್ದಿನಕಾಳು ಎಷ್ಟು ಎಂದು ಪಟ್ಟಿ ಹಾಕುತ್ತಾರೆ. ತನ್ನ ಸಕ್ಕರೆ ಕಾಯಿಲೆಯ ಲೆಕ್ಕ ಮರೆತ ಮೈಸೂರಿಗನಿಗೂ ಅಭಿಮನ್ಯುವಿನ ತೂಕ ಬಾಯಿಪಾಠ. ಇರಲಿ, 750 ಕಿಲೋ ಅಂಬಾರಿ ಹೊರುವವನಿಗೆ ಅಷ್ಟು ಮರ್ಯಾದೆ ಸಲ್ಲಬೇಕಾದದ್ದೇ.

ಅದೇ ಮೆರವಣಿಗೆಯಲ್ಲಿ ಕುದುರೆಗಳೂ ಹೋಗುತ್ತವೆ. ಸಾಲುಸಾಲಾಗಿ, ಮೈ ತಿಕ್ಕಿಸಿಕೊಂಡು, ಬೆನ್ನ ಮೇಲೆ ಪೇಟ ಕಟ್ಟಿದ ಸವಾರರನ್ನು ಕೂರಿಸಿಕೊಂಡು ಹೋಗುತ್ತವೆ. ಅವುಗಳಲ್ಲಿ ಒಂದರ ಹೆಸರು ಹೇಳಿ ನೋಡೋಣ. ತೂಕ ಬೇಡ, ಬಣ್ಣವಾದರೂ ನೆನಪಿದೆಯೆ? ಆನೆ ಬೆದರಿದರೆ ಮುಖಪುಟದ ಸುದ್ದಿ, ಮಾವುತನ ಸಂದರ್ಶನ, ವೈದ್ಯರ ಅಭಿಪ್ರಾಯ. ಕುದುರೆ ಬೆದರಿದರೆ ‘ಏ, ಹಿಡ್ಕೊಳ್ರೀ ಅದನ್ನ!’ ಅಷ್ಟೆ.

ಈ ಕುದುರೆಗಳ ಪೈಕಿ ಒಂದಕ್ಕೆ ಬಹುಕಾಲದಿಂದ ಒಂದು ಹೆಚ್ಚುವರಿ ಹೊಣೆ ಬಿದ್ದಿತ್ತು. ಅದು ನಗರದ ಮೇಯರ್. ಜಂಬೂ ಸವಾರಿಯಲ್ಲಿ ಮೈಸೂರಿನ ಪ್ರಥಮ ಪ್ರಜೆ ಕುದುರೆಯೇರಿ ಬರಬೇಕೆಂಬುದು ಸಂಪ್ರದಾಯ. ಮೇಯರ್ ಹುದ್ದೆಯೋ, ವರ್ಷಕ್ಕೊಬ್ಬರಂತೆ ಬದಲಾಗುತ್ತಿದ್ದದ್ದು. ಪಕ್ಷ ಒಪ್ಪಿ, ಮೀಸಲಾತಿ ಪಟ್ಟಿ ಹೊರಬಿದ್ದು, ರೆಸಾರ್ಟಿಗೆ ಹೋದ ಸದಸ್ಯರು ಮರಳಿ, ಕೈ ಎತ್ತಿ ಮತ ಹಾಕಿ ಗೆಲ್ಲಿಸಿದ ಮೇಲೆ ಹೊಸ ಮೇಯರ್‌ಗೆ ಯಾರೋ ನೆನಪಿಸುತ್ತಾರೆ: ‘ಸಾರ್, ದಸರೆಗೆ ಕುದುರೆ ಹತ್ತಬೇಕು.’ ಅಲ್ಲಿಯವರೆಗೆ ಅವರು ಹತ್ತಿದ್ದು ಸ್ಕೂಟರು, ಆಮೇಲೆ ಇನೋವಾ. ಕುದುರೆ ವ್ಯಾಪಾರ ಗೊತ್ತು, ಕುದುರೆ ಗೊತ್ತಿಲ್ಲ.

ಹಾಗಾಗಿ ದಸರೆಗೆ ಕೆಲವೇ ದಿನ ಇರುವಾಗ ಅಶ್ವಾರೋಹಿ ದಳದ ಮೈದಾನದಲ್ಲಿ ತರಬೇತಿ ಶುರುವಾಗುತ್ತಿತ್ತು. ಪ್ರತಿವರ್ಷವೂ ಅದೇ ಫೋಟೋ: ಮೇಯರ್ ಮೇಲೆ, ಪೊಲೀಸ್ ಪೇದೆ ಕೆಳಗೆ ಲಗಾಮು ಹಿಡಿದುಕೊಂಡು, ಇಬ್ಬರ ಮುಖದಲ್ಲೂ ಕ್ಯಾಮೆರಾಕ್ಕಾಗಿ ತಂದುಕೊಂಡ ನಗು. ಕುದುರೆ ಮಾತ್ರ ನಗುತ್ತಿರಲಿಲ್ಲ. ಅದಕ್ಕೆ ಇದು ಎಷ್ಟನೆಯ ಮೇಯರ್ರೋ!

ಮೈದಾನದಲ್ಲಿ ನಡೆದಿರಬಹುದಾದ ಪಾಠವನ್ನು ಊಹಿಸುವುದು ಕಷ್ಟವಲ್ಲ.

‘ಸಾರ್, ಲಗಾಮು ಅಷ್ಟು ಬಿಗಿಯಾಗಿ ಎಳೀಬೇಡಿ.’

‘ಎಳೀದೆ ಇದ್ರೆ ಓಡಲ್ವೇನಪ್ಪಾ?’

‘ಎಳೆದ್ರೇನೇ ಸಾರ್ ಅದಕ್ಕೆ ಗಾಬರಿ. ಮಂಡಿಯಲ್ಲಿ ಹಿಡಿದುಕೊಳ್ಳಬೇಡಿ, ಸೊಂಟ ಸಡಿಲ ಬಿಡಿ, ಉಸಿರು ಬಿಡಿ.’

‘ಉಸಿರು ಬಿಡ್ತಾ ಇದೀನಲ್ಲ!’

‘ಇಲ್ಲ ಸಾರ್. ನೀವು ಹತ್ತಿದಾಗ ಒಳಕ್ಕೆ ಎಳೆದುಕೊಂಡದ್ದು ಇನ್ನೂ ಹೊರಗೆ ಬಂದಿಲ್ಲ.’

ಪೇದೆ ಹೇಳುವುದರಲ್ಲಿ ವಿಜ್ಞಾನವಿದೆ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಒಂದು ಪ್ರಯೋಗದ ಫಲ ಪ್ರಕಟಿಸಿದರು. ಕೆಲವರು ಕುದುರೆಯನ್ನು ಹಿಡಿದು ನಡೆಸಿದರು, ಕೆಲವರು ಹತ್ತಿ ಕೂತು ನಡೆಸಿದರು. ಮೂರು ಸಲ ಹೋಗಿಬಂದದ್ದು ನಿರಾಳವಾಗಿ. ನಾಲ್ಕನೆಯ ಸಲಕ್ಕೆ ಮುಂಚೆ, ‘ನೀವು ಪಕ್ಕದಲ್ಲಿ ಹಾಯುವಾಗ ಒಂದು ಛತ್ರಿ ಬಿಚ್ಚುತ್ತೇವೆ’ ಎಂದು ಮನುಷ್ಯರಿಗೆ ತಿಳಿಸಿದರು. ಛತ್ರಿಯನ್ನು ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಅದರ ಜೊತೆಗೇ ಕುದುರೆಯದೂ ಏರಿತು. ಛತ್ರಿಯ ಸುದ್ದಿಯನ್ನು ಕುದುರೆಗೆ ಯಾರೂ ಹೇಳಿರಲಿಲ್ಲ. ಮೇಲೆ ಕೂತವರ ತೊಡೆ, ಕೈ, ಉಸಿರು ಹೇಳಿಬಿಟ್ಟಿದ್ದವು. ಸ್ವೀಡನ್ನಿನಲ್ಲಿ ಬಿಚ್ಚದ ಛತ್ರಿಗೇ ಈ ಗತಿಯಾದರೆ, ಸಯ್ಯಾಜಿರಾವ್ ರಸ್ತೆಯ ನೂಕುನುಗ್ಗಲಿನಲ್ಲಿ ಮುಂದಿನ ಟಿಕೆಟ್ಟು, ಹಿಂದಿನ ಬಣ, ಪಕ್ಕದ ಟೀವಿ ಕ್ಯಾಮೆರಾ ಎಲ್ಲದರ ಚಿಂತೆ ಹೊತ್ತ ಸವಾರ ತನ್ನ ಕುದುರೆಗೆ ಏನೇನು ಹೇಳುತ್ತಿದ್ದನೋ.

‘ಕುದುರೆಗೆ ಯಾಕೆ ಹೀಗೆ ಪುಕ್ಕಲು?’ ಎಂದು ಕೇಳುವವರಿದ್ದಾರೆ. ಪುಕ್ಕಲುತನದಿಂದಲೇ ಅದರ ವಂಶ ಇಲ್ಲಿಯವರೆಗೆ ಬಂದದ್ದು. ಹುಲ್ಲು ಮೇಯುವ ಪ್ರಾಣಿ, ಕೊಂಬಿಲ್ಲ, ಕೋರೆಯಿಲ್ಲ. ಪೊದೆ ಅಲ್ಲಾಡಿದಾಗ ‘ಏನಿರಬಹುದು, ಸಮಿತಿ ರಚಿಸೋಣ’ ಎಂದು ನಿಂತ ಕುದುರೆಗಳು ಹುಲಿಯ ಹೊಟ್ಟೆ ಸೇರಿದವು. ಮೊದಲು ಓಡಿ ಆಮೇಲೆ ಯೋಚಿಸಿದವು ಮರಿ ಹಾಕಿದವು. ಅದರ ಕಣ್ಣು ತಲೆಯ ಎರಡು ಪಕ್ಕದಲ್ಲಿದ್ದು ಸುಮಾರು 350 ಡಿಗ್ರಿಯಷ್ಟು ಸುತ್ತಲನ್ನು ನೋಡುತ್ತದೆ. ಕಾಣದಿರುವುದು ಎರಡೇ ಜಾಗ: ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ. ಫೋಟೋ ತೆಗೆಸಿಕೊಳ್ಳುವ ನಮ್ಮ ಜನ ನಿಲ್ಲುವುದು ಆ ಎರಡೇ ಜಾಗದಲ್ಲಿ. ಕಿವಿಯ ಕತೆಯೂ ಹೀಗೆಯೇ. ನಮ್ಮ ಕಿವಿ 20 ಸಾವಿರ ಹರ್ಟ್ಸ್‌ಗೆ ಬಾಗಿಲು ಹಾಕಿಕೊಂಡರೆ ಕುದುರೆಯದು 33 ಸಾವಿರದ ಆಸುಪಾಸಿನವರೆಗೂ ತೆರೆದಿರುತ್ತದೆ. ನಮಗೆ ಕೇಳಿಸದ ಕೀರಲು ಅದಕ್ಕೆ ಕೇಳಿಸುತ್ತದೆ. ನಮಗೆ ಕೇಳಿಸುವುದಂತೂ ಕೇಳಿಸಿಯೇ ಕೇಳಿಸುತ್ತದೆ.

ಇಷ್ಟೆಲ್ಲ ಗೊತ್ತಿರುವುದರಿಂದಲೇ ಸಿಡಿಮದ್ದು ತಾಲೀಮು ಎಂಬ ಏರ್ಪಾಡು ಇದೆ. ಅದೊಂದನ್ನು ಮಾತ್ರ ವ್ಯಂಗ್ಯವಿಲ್ಲದೆ ಮೆಚ್ಚಬೇಕು. ವಿಜಯದಶಮಿಯ ದಿನ ಅಂಬಾರಿಗೆ ಪುಷ್ಪಾರ್ಚನೆಯಾಗುವಾಗ ಏಳು ಫಿರಂಗಿಗಳಿಂದ ಮೂರು ಸುತ್ತಿನಂತೆ 21 ಕುಶಾಲತೋಪು ಹಾರುತ್ತವೆ; ರಾಷ್ಟ್ರಗೀತೆಯ ಹೊತ್ತಿಗೆ ಹೊಂದಿಸಿ ಹಾರಿಸಬೇಕು. ಆ ಸದ್ದು ಹೊಸದೆನಿಸಬಾರದೆಂದು ವಾರಗಳ ಮುಂಚೆಯೇ ವಸ್ತುಪ್ರದರ್ಶನ ಮೈದಾನದ ಆವರಣದಲ್ಲಿ ಆನೆ, ಕುದುರೆಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಫಿರಂಗಿ ದಳದವರು ಮದ್ದು ತುಂಬುತ್ತಾರೆ, ಕಿಡಿ ತಾಗಿಸಿ ಪಕ್ಕಕ್ಕೆ ಜಿಗಿಯುತ್ತಾರೆ, ಮತ್ತೆ ಒದ್ದೆ ಬಟ್ಟೆ ಸುತ್ತಿದ ಉದ್ದ ಕೋಲನ್ನು ನಳಿಕೆಯೊಳಗೆ ತೂರಿಸಿ ಕಿಡಿ ಉಳಿಯದಂತೆ ಒರೆಸುತ್ತಾರೆ.

ಆಗ ಫಿರಂಗಿಯ ಕಡೆ ನೋಡಬಾರದು, ಕುದುರೆಯ ಕಡೆ ನೋಡಬೇಕು. ಸಿಡಿಯುವ ಮೊದಲೇ ಅದಕ್ಕೆ ಸುಳಿವು ಸಿಕ್ಕಿರುತ್ತದೆ. ಒಂದು ಕಿವಿ ಫಿರಂಗಿಯತ್ತ, ಇನ್ನೊಂದು ಸವಾರನತ್ತ. ಮೂಗಿನ ಹೊಳ್ಳೆ ಅಗಲವಾಗುತ್ತದೆ. ನೊಣ ಕೂರದಿದ್ದರೂ ಪಕ್ಕೆಯ ಚರ್ಮ ಅದುರುತ್ತದೆ. ಢಂ ಎಂದ ಕೂಡಲೇ ಹಿಂಗಾಲು ಒಂದಿಷ್ಟು ಕುಸಿದು, ಇಡೀ ಮೈ ಪಕ್ಕಕ್ಕೆ ಸರಿಯುತ್ತದೆ. ಪಳಗಿದ ಸವಾರ ಲಗಾಮು ಜಗ್ಗುವುದಿಲ್ಲ, ಬೈಯುವುದಿಲ್ಲ; ಕತ್ತಿನ ಮೇಲೆ ಕೈಯಿಟ್ಟು ಏನೋ ಮಾತಾಡುತ್ತಾನೆ. ಪಕ್ಕದಲ್ಲಿ ಹಲವು ದಸರೆ ಕಂಡ ಹಳೇ ಕುದುರೆಯೊಂದು ತಲೆ ತಗ್ಗಿಸಿ ನಿಂತಿದ್ದರೆ, ಹೊಸದು ಅದನ್ನೊಮ್ಮೆ ನೋಡಿ ತಾನೂ ನಿಲ್ಲುತ್ತದೆ. ದಿಗಿಲು ಹಿಂಡಿನಲ್ಲಿ ಹರಡುವಂತೆಯೇ ನೆಮ್ಮದಿಯೂ ಹರಡುತ್ತದೆ. ಎರಡನೆಯ ತಾಲೀಮಿಗೆ ಸರಿಯುವುದು ಕಡಿಮೆ, ಮೂರನೆಯದಕ್ಕೆ ಇನ್ನೂ ಕಡಿಮೆ. ಇಷ್ಟೂ ಹೊತ್ತು ಎರಡು ಕಿವಿಗೂ ಬೆರಳಿಟ್ಟುಕೊಂಡು ಮುಖ ಕಿವುಚಿ ನಿಲ್ಲುವವರು ಯಾರು ಗೊತ್ತೆ? ತಾಲೀಮು ವೀಕ್ಷಣೆಗೆ ಬಂದ ಗಣ್ಯರು.

ಅಂದರೆ ಕುದುರೆಗೆ ಸಿಲಬಸ್ ಇದೆ, ಮೇಷ್ಟ್ರಿದ್ದಾರೆ, ಮೂರು ಪರೀಕ್ಷೆ ಇದೆ. ಫೇಲಾದರೆ ಮೆರವಣಿಗೆಗೆ ಪ್ರವೇಶವಿಲ್ಲ. ನಮಗೆ? ನಮಗೆ ಪಾಸಿದೆ. ಗೋಲ್ಡ್ ಕಾರ್ಡಿದೆ. ‘ನಾನು ಯಾರು ಗೊತ್ತೇನ್ರೀ’ ಇದೆ. ಇದಾವುದೂ ಇಲ್ಲದವರಿಗೆ ಪಾಳು ಕಟ್ಟಡದ ಸಜ್ಜೆ, ಮರದ ಕೊಂಬೆ, ವಿದ್ಯುತ್ ಕಂಬ.

ದೀಪಾಲಂಕಾರ ನೋಡಲು ಹೊರಡುವ ಜನಸಾಗರದ ಕೈಯಲ್ಲಿ ಈಗ ಒಂದು ಆಯುಧ ಕಡ್ಡಾಯ: ಪೀಪಿ. ಊದಲು ರಾಗ ಬೇಡ, ತಾಳ ಬೇಡ, ಬುದ್ಧಿಯಂತೂ ಬೇಡವೇ ಬೇಡ. ಮುಂದೆ ಹೋಗುವ ಹೆಣ್ಣುಮಕ್ಕಳ ಕಿವಿಯ ಬಳಿ ಊದುವುದು ಇದರ ಮೊದಲ ಉಪಯೋಗ; ಪೊಲೀಸರು ಬೆನ್ನು ಹತ್ತಿದಾಗ ಅಂಗಿಯೊಳಗೆ ಅಡಗಿಸುವುದು ಎರಡನೆಯದು; ಕುದುರೆ ಕಂಡ ಕೂಡಲೇ ಹೊರತೆಗೆಯುವುದು ಮೂರನೆಯದು. ಫಿರಂಗಿಯ ಸದ್ದು ಎಷ್ಟೇ ದೊಡ್ಡದಾಗಲಿ, ಅದಕ್ಕೊಂದು ಕ್ರಮವಿದೆ, ಹೊತ್ತಿದೆ, ಏಳು ಬಾಯಿಗಿಂತ ಹೆಚ್ಚಿಲ್ಲ. ಪೀಪಿಗೆ ಎಷ್ಟು ಬಾಯಿ ಎಂದು ಯಾವ ಅಶ್ವಾರೋಹಿ ದಳ ತಾಲೀಮು ಮಾಡಿಸೀತು? ಇದರ ಜೊತೆಗೆ ಮೊಬೈಲಿನ ಫ್ಲ್ಯಾಶು, ಬ್ಯಾರಿಕೇಡಿನ ಮೇಲಿಂದ ಮುಖಕ್ಕೆ ಚಾಚುವ ಸೆಲ್ಫಿ ಕೋಲು, ಮಕ್ಕಳ ಕೈಯಿಂದ ಜಾರಿದ ಬಲೂನು, ಸ್ತಬ್ಧಚಿತ್ರದ ಜನರೇಟರಿನ ಗುಡುಗು. ಹೆಸರಿಗೆ ಸ್ತಬ್ಧ!

2020ರಲ್ಲಿ ಕೊರೊನಾ ಬಂದಾಗ ಜಂಬೂ ಸವಾರಿಯನ್ನು ಅರಮನೆ ಆವರಣಕ್ಕೆ ಸೀಮಿತಗೊಳಿಸಿ ಕೆಲವೇ ನೂರು ಜನರ ಮುಂದೆ ಮುಗಿಸಿದರು. ಬನ್ನಿಮಂಟಪದವರೆಗೆ ನಡಿಗೆಯಿಲ್ಲ, ಸಜ್ಜೆಯ ಮೇಲೆ ಜನವಿಲ್ಲ, ಪೀಪಿಯಿಲ್ಲ. ನಾವೆಲ್ಲ ಮನೆಯಲ್ಲಿ ಕೂತು ‘ಅಯ್ಯೋ, ಕಳೆಯೇ ಇಲ್ಲ’ ಎಂದು ಕಣ್ಣೀರು ಹಾಕಿದೆವು. ಕುದುರೆಗಳ ಅಭಿಪ್ರಾಯವನ್ನು ಯಾವ ಚಾನೆಲ್ಲೂ ಕೇಳಲಿಲ್ಲ.

ಸರ್ಕಾರಿ ಕುದುರೆಯ ಪಾಡೇ ಪರವಾಗಿಲ್ಲ ಎನ್ನಿಸುವುದು ಬೆಂಗಳೂರಿನ ಮದುವೆ ಮೆರವಣಿಗೆ ನೋಡಿದಾಗ. ನಮ್ಮಲ್ಲಿ ವರ ಕಾಶಿಯಾತ್ರೆಗೆ ಛತ್ರಿ ಹಿಡಿದು ನಡೆದೇ ಹೊರಡುತ್ತಿದ್ದ. ಈಗ ಸಿನಿಮಾ ನೋಡಿ ಬಾರಾತಿನ ಹುಚ್ಚು ಹಿಡಿದು, ಬಾಡಿಗೆ ಬಿಳಿ ಕುದುರೆ ಇಲ್ಲದೆ ಕಲ್ಯಾಣ ಮಂಟಪದ ಬಾಗಿಲು ದಾಟಲಾರ. ಸಾಫ್ಟ್‌ವೇರ್ ವರ ಕುದುರೆ ಮೇಲೆ. ಅವನ ಹಿಂದೆ ಲಾರಿಯಷ್ಟು ಎತ್ತರದ ಡಿಜೆ. ಮುಂದೆ ಸೋದರಮಾವನ ನಾಗಿನ್ ಡ್ಯಾನ್ಸು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆ ಡಿಜೆ ಗಂಟಲು ಸರಿಪಡಿಸಿಕೊಳ್ಳುವುದೇ ಅಲ್ಲಿಂದ ಮೇಲಕ್ಕೆ. ಕುದುರೆ ಕದಲದೆ ನಿಂತಿದ್ದರೆ ‘ಎಷ್ಟು ಸಾಧು ನೋಡಿ’ ಎಂದು ಹೆಂಗಸರು ಕೆನ್ನೆ ಸವರುತ್ತಾರೆ. ಅದು ಸಾಧುವೋ, ಬಾಯೊಳಗೆ ಏನಾದರೂ ಚುಚ್ಚುತ್ತಿದೆಯೋ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಮುಳ್ಳು ಕಡಿವಾಣ ಹಾಕಕೂಡದೆಂದು ನಮ್ಮ ದೇಶದಲ್ಲಿ 1965ರಿಂದಲೇ ನಿಯಮವಿದೆ. ಸುಮಾರು ಅರವತ್ತು ವರ್ಷದಿಂದ ಜಾರಿಯಲ್ಲಿರುವ ನಿಯಮವೆಂದರೆ ನಮ್ಮಲ್ಲಿ ಅದಕ್ಕೆ ಸಿಗುವ ಗೌರವ ಹಿರಿಯರಿಗೆ ಸಿಗುವಂಥದ್ದು: ಫೋಟೋಗೆ ಹಾರ ಹಾಕಿ ಗೋಡೆಗೆ ತೂಗುಹಾಕುವುದು.

ವೇದಿಕೆ ಸಿಕ್ಕರೆ ಮಾತ್ರ ನಮ್ಮಷ್ಟು ಅಶ್ವಪ್ರೇಮಿಗಳಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಲ್ಯಾನ್ಸರುಗಳ ಜೊತೆ ಸೇರಿ ಮೈಸೂರು ಲ್ಯಾನ್ಸರುಗಳು ಮಷೀನ್‌ಗನ್‌ಗಳ ಎದುರು ಕುದುರೆ ಓಡಿಸಿದ ಕತೆಯನ್ನು ಎದೆಯುಬ್ಬಿಸಿ ಹೇಳುತ್ತೇವೆ. ಹೇಳಲೇಬೇಕು. ಹೇಳಿ ಮುಗಿಸಿ ವೇದಿಕೆಯಿಂದ ಇಳಿದವರು ಕಾರು ಹತ್ತಿ, ಲಾಯಕ್ಕೆ ಹಿಂದಿರುಗುತ್ತಿರುವ ಪೊಲೀಸ್ ಕುದುರೆಗಳ ಹಿಂದೆ ಬಂದು, ದಾರಿ ಬಿಡಲಿಲ್ಲವೆಂದು ಹಾರ್ನ್ ಒತ್ತಿ ಹಿಡಿಯುತ್ತಾರೆ.

ಹಾಗೆಂದು ಮೆರವಣಿಗೆಯಲ್ಲಿ ಕುದುರೆಯೇ ಬೇಡ ಎನ್ನುವ ಪೈಕಿ ನಾನಲ್ಲ. ಸಾಲು ತಪ್ಪದೆ, ಲಾಳದ ಸದ್ದನ್ನು ಒಂದೇ ಲಯಕ್ಕೆ ತಂದುಕೊಂಡು ಅಶ್ವದಳ ಕೆ.ಆರ್. ವೃತ್ತ ಸುತ್ತುವುದನ್ನು ನೋಡಿದವರು ಮರೆಯುವುದಿಲ್ಲ. ರಾತ್ರಿ ಪಂಜಿನ ಕವಾಯತಿನಲ್ಲಿ ಓಡುವ ಕುದುರೆಯ ಮೇಲಿಂದಲೇ ನೆಲದ ಗೂಟವನ್ನು ಈಟಿಯಿಂದ ಕೀಳುವವರ ಕೈಚಳಕ ಇನ್ನೂ ದೊಡ್ಡದು. ಅದು ತಿಂಗಳುಗಟ್ಟಲೆ ಬೆಳಗಿನ ಜಾವ ಎದ್ದವರ ಕೆಲಸ. ನನ್ನ ತಕರಾರು, ಆ ಪ್ರಾಣಿಗೆ ನಮ್ಮನ್ನು ಸಹಿಸಿಕೊಳ್ಳುವುದನ್ನು ಕಲಿಸಲು ವರ್ಷವರ್ಷವೂ ಇಷ್ಟು ದುಡ್ಡು, ದುಡಿಮೆ ಸುರಿಯುವ ವ್ಯವಸ್ಥೆ, ನಮಗೆ ಸುಮ್ಮನಿರುವುದನ್ನು ಕಲಿಸಲು ಒಂದು ಬೆಳಗನ್ನೂ ಎತ್ತಿಡುವುದಿಲ್ಲ ಎಂಬುದು. ಸಿಡಿಮದ್ದು ತಾಲೀಮಿನ ದಿನವೇ ಪಾಸು ಪಡೆದವರನ್ನೂ ಸಾಲಾಗಿ ನಿಲ್ಲಿಸಿ, ಎದುರಿಗೆ ಕುದುರೆ ಹಾಯಿಸಿ, ಊದದೆ, ಕೂಗದೆ, ಫೋನು ಚಾಚದೆ ಐದು ನಿಮಿಷ ನಿಂತವರಿಗಷ್ಟೇ ಕಾರ್ಡು ಕೊಡಲಿ. ಮೊದಲ ಸುತ್ತಿನಲ್ಲೇ ಅರಮನೆಯ ಮುಂದಿನ ಆಸನಗಳು ಖಾಲಿಯಾದಾವು.

ಮೇಯರ್ ಸವಾರಿಯ ಸಮಸ್ಯೆಯನ್ನಂತೂ ಸರ್ಕಾರ ತನ್ನದೇ ರೀತಿಯಲ್ಲಿ ಬಗೆಹರಿಸಿತು. ಪಾಲಿಕೆಯ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು, ಕೂಡಲೇ ಚುನಾವಣೆ ನಡೆಯಲಿಲ್ಲ, 2024ರ ದಸರೆಗೆ ಮೇಯರೇ ಇರಲಿಲ್ಲ. ಪ್ರಜಾಪ್ರಭುತ್ವಕ್ಕೆ ನಷ್ಟ, ಒಂದು ಕುದುರೆಗೆ ರಜೆ.

ಉಳಿದದ್ದು ನಾವು, ರಸ್ತೆ ಬದಿಯವರು. ಅಶ್ವದಳ ಬರುವಾಗ ದಯವಿಟ್ಟು ಪೀಪಿಯನ್ನು ಚೀಲಕ್ಕೆ ಹಾಕಿ, ಫ್ಲ್ಯಾಶ್ ಆರಿಸಿ, ಮಗುವಿನ ಬಲೂನಿನ ದಾರವನ್ನು ಕೈಗೆ ಎರಡು ಸುತ್ತು ಸುತ್ತಿ. ಹಿಂದಿನಿಂದ ಹೋಗಿ ಕುದುರೆಯ ಬೆನ್ನು ತಟ್ಟಬೇಡಿ. ತಟ್ಟಲೇಬೇಕು ಅನ್ನಿಸಿದರೆ ಕೆ.ಆರ್. ಆಸ್ಪತ್ರೆ ಅಲ್ಲೇ ಹತ್ತಿರದಲ್ಲಿದೆ. ಮೂಳೆ ವಿಭಾಗ ಹಬ್ಬದ ದಿನವೂ ತೆರೆದಿರುತ್ತದೆ.